ಮೂರು ವರ್ಷದ ಖಾತರಿ ಬಾಡಿಗೆ ನಂಬಿ ಮಳಿಗೆ ಕೊಳ್ಳಬಹುದೇ?

ಪ್ರಶ್ನೆ: ನಾನು ಕಲಬುರಗಿಯಲ್ಲಿ ಪ್ರೌಢಶಾಲಾ ಶಿಕ್ಷಕನಾಗಿದ್ದು ನಿವೃತ್ತನಾಗಿದ್ದೇನೆ. ನಿವೃತ್ತಿಯ ಹಣ, ಊರಿನ ಹೊಲ ಮಾರಿದ ಹಣ ಸೇರಿ 60 ಲಕ್ಷ ರೂಪಾಯಿ ಬ್ಯಾಂಕಿನಲ್ಲಿದೆ. ಪಿಂಚಣಿಯ ಜೊತೆಗೆ ತಿಂಗಳಿಗೆ ಒಂದಿಷ್ಟು ಆದಾಯ ಬರಬೇಕೆಂಬುದು ನಮ್ಮ ಗಂಡ-ಹೆಂಡಿರ ಆಸೆ. ಸೇಡಂ ರಸ್ತೆಯಲ್ಲಿ 40 ಮಳಿಗೆಗಳ ಒಂದು ವಾಣಿಜ್ಯ ಸಂಕೀರ್ಣ ಕಟ್ಟುತ್ತಿದ್ದಾರೆ. ಮೊದಲ ಮಹಡಿಯ 400 ಚದರ ಅಡಿಯ ಮಳಿಗೆಗೆ 58 ಲಕ್ಷ ಹೇಳುತ್ತಿದ್ದಾರೆ. ಮೂರು ವರ್ಷ, ವರ್ಷಕ್ಕೆ ಶೇ. 12ರಂತೆ ಬಾಡಿಗೆ ಖಾತರಿ ಎಂದು ಬರೆದುಕೊಡುತ್ತಾರಂತೆ. ಎದುರಿನ ಕಟ್ಟಡದಲ್ಲಿ ಅದೇ ಮಹಡಿಯ, ಅಷ್ಟೇ ಅಳತೆಯ ಮಳಿಗೆ 18,000 ರೂಪಾಯಿ ಬಾಡಿಗೆಗೆ ಹೋಗಿದೆ. ಬೆಂಗಳೂರಿನಲ್ಲಿರುವ ಮಗ ವಿಮಾನ ನಿಲ್ದಾಣದ ಕಡೆ ಎನ್.ಎ. (ಕೃಷಿಯೇತರ) ಪ್ಲಾಟ್ ಹಿಡಿಯಿರಿ ಎನ್ನುತ್ತಾನೆ. ಅಳಿಯ ಗಂಜ್ (ಧಾನ್ಯ ಮಾರುಕಟ್ಟೆ) ಭಾಗದಲ್ಲಿ ಒಂದು ಹಳೆಯ ಅಂಗಡಿ ತೋರಿಸಿದ್ದಾರೆ: ನೆಲಮಹಡಿ, 220 ಚದರ ಅಡಿ, 36 ಲಕ್ಷ, ಹಳೆಯ ಬಾಡಿಗೆದಾರ ತಿಂಗಳಿಗೆ 15,000 ಕೊಡುತ್ತಿದ್ದಾನೆ. ಸೇಡಂ ರಸ್ತೆಯವರು ಸೋಮವಾರದೊಳಗೆ 6 ಲಕ್ಷ ಮುಂಗಡ ಕೇಳಿದ್ದಾರೆ. ಏನು ಮಾಡಲಿ?

ಉತ್ತರ: ಶರಣು ಮಾಸ್ತರರೇ. ಸೋಮವಾರದ ಮಾತನ್ನು ಮೊದಲು ಮುಗಿಸೋಣ. ಆ 6 ಲಕ್ಷ ಕೊಡಬೇಡಿ. ರೇರಾ ಕಾಯ್ದೆ, ಅಂದರೆ 2016ರ ರಿಯಲ್ ಎಸ್ಟೇಟ್ ಕಾಯ್ದೆಯ ಪ್ರಕಾರ, ಮಾರಾಟ ಕರಾರು ನೋಂದಣಿಯಾಗುವ ಮೊದಲು ಕಟ್ಟುವವರು ಒಟ್ಟು ಬೆಲೆಯ ಶೇ. 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ. 58 ಲಕ್ಷಕ್ಕೆ ಅದು 5.80 ಲಕ್ಷ. ಅವರು ಕೇಳಿರುವುದೇ ಆ ಮಿತಿಯ ಮೇಲೆ. 20,000 ರೂಪಾಯಿಯ ವ್ಯತ್ಯಾಸ ದೊಡ್ಡದಲ್ಲ, ನಿಜ. ಆದರೆ ಮೊದಲ ದಿನವೇ ಕಾಯ್ದೆಯ ಗೆರೆ ದಾಟುವವರು ಮುಂದೆ ನಿಮ್ಮ ಹಣವನ್ನು ಹೇಗೆ ನೋಡಿಕೊಳ್ಳುತ್ತಾರೆ ಎಂಬ ಪ್ರಶ್ನೆ ಏಳುತ್ತದೆ. ವಾಣಿಜ್ಯ ಸಂಕೀರ್ಣಕ್ಕೆ ರೇರಾ ಬೇಕಿಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಜಮೀನು 500 ಚದರ ಮೀಟರ್ ದಾಟಿದ್ದು ಮಳಿಗೆಗಳು ಎಂಟಕ್ಕಿಂತ ಹೆಚ್ಚಿದ್ದರೆ ವಸತಿಯಾಗಲಿ ವಾಣಿಜ್ಯವಾಗಲಿ ನೋಂದಣಿ ಕಡ್ಡಾಯ. 40 ಮಳಿಗೆಯ ಕಟ್ಟಡಕ್ಕೆ ನೋಂದಣಿ ಸಂಖ್ಯೆ ಇರಲೇಬೇಕು. ಕರ್ನಾಟಕ ರೇರಾದ ಜಾಲತಾಣದಲ್ಲಿ ಆ ಸಂಖ್ಯೆ ಹಾಕಿದರೆ ಮುಗಿಸುವ ದಿನಾಂಕ, ಮಂಜೂರಾದ ನಕ್ಷೆ, ಮೂರು ತಿಂಗಳಿಗೊಮ್ಮೆ ಸಲ್ಲಿಸಬೇಕಾದ ಪ್ರಗತಿ ವರದಿ ಎಲ್ಲವೂ ಕಾಣುತ್ತವೆ. ಸಂಖ್ಯೆಯೇ ಇಲ್ಲದಿದ್ದರೆ ಆ ಮಳಿಗೆಯ ವಿಚಾರ ಅಲ್ಲಿಗೇ ಮುಗಿಯಿತು.

ಸಂಖ್ಯೆ ಇದೆ ಎಂದೇ ಇಟ್ಟುಕೊಂಡು ಹಣದ ಲೆಕ್ಕಕ್ಕೆ ಬರುತ್ತೇನೆ. 58 ಲಕ್ಷ ಎನ್ನುವುದು ನಿಮ್ಮ ಕೈಬಿಡುವ ಹಣವಲ್ಲ. ಕಟ್ಟುತ್ತಿರುವ ವಾಣಿಜ್ಯ ಮಳಿಗೆಗೆ, ಜಮೀನಿನ ಪಾಲು ಕಳೆದ ಮೇಲೂ, ಒಟ್ಟು ಬೆಲೆಯ ಶೇ. 12ರಷ್ಟು ಜಿ.ಎಸ್.ಟಿ. ಬೀಳುತ್ತದೆ, ಅದು 6.96 ಲಕ್ಷ. ಪೂರ್ಣಗೊಂಡ ಪ್ರಮಾಣಪತ್ರ ಪಡೆದ ಕಟ್ಟಡದಲ್ಲಿ ಕೊಂಡಿದ್ದರೆ ಈ ತೆರಿಗೆಯೇ ಇರುತ್ತಿರಲಿಲ್ಲ. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲಿನ ಸೆಸ್ ಮತ್ತು ಸರ್ಚಾರ್ಜ್, 2025ರ ಆಗಸ್ಟ್ ಕೊನೆಯಿಂದ ಶೇ. 1ರಿಂದ 2ಕ್ಕೆ ಏರಿದ ನೋಂದಣಿ ಶುಲ್ಕ, ಎಲ್ಲ ಸೇರಿ ನಗರದಲ್ಲಿ ಶೇ. 7.6 ಆಗುತ್ತದೆ, ಅದು ಸುಮಾರು 4.41 ಲಕ್ಷ. ಇಷ್ಟಕ್ಕೇ 69 ಲಕ್ಷ ದಾಟಿತು. ವಿದ್ಯುತ್ ಠೇವಣಿ, ಷಟರ್, ನೆಲಹಾಸು, ವಕೀಲರ ಶುಲ್ಕ ಇನ್ನೂ ಸೇರಿಲ್ಲ. ನಿಮ್ಮ ಬಳಿ ಇರುವುದು 60 ಲಕ್ಷ. ಉಳಿದದ್ದಕ್ಕೆ ಸಾಲ ಮಾಡಿಸುತ್ತೇವೆ ಎಂದು ಅವರೇ ಮುಂದೆ ಬರುತ್ತಾರೆ. ನಿವೃತ್ತಿಯಾದ ಮೇಲೆ ಮಳಿಗೆಗಾಗಿ ಸಾಲ ಮಾಡುವುದನ್ನು ನಾನು ಯಾವ ಕಾರಣಕ್ಕೂ ಒಪ್ಪುವುದಿಲ್ಲ.

ಈಗ ಆ ಖಾತರಿ. 58 ಲಕ್ಷಕ್ಕೆ ಶೇ. 12 ಎಂದರೆ ವರ್ಷಕ್ಕೆ 6.96 ಲಕ್ಷ, ತಿಂಗಳಿಗೆ 58,000 ರೂಪಾಯಿ. ಎದುರಿನ ಕಟ್ಟಡದಲ್ಲಿ ಅಂಥದೇ ಮಳಿಗೆಗೆ ನಿಜವಾದ ವ್ಯಾಪಾರಿಯೊಬ್ಬ ಕೊಡುತ್ತಿರುವುದು 18,000. ನಡುವಿನ 40,000 ಎಲ್ಲಿಂದ ಬರುತ್ತದೆ? ಬೇರೆ ಎಲ್ಲಿಂದಲೂ ಅಲ್ಲ, ನೀವು ಕೊಟ್ಟ ಬೆಲೆಯಿಂದಲೇ. ಮೂರು ವರ್ಷದ ಖಾತರಿಯ ಮೊತ್ತ 20.88 ಲಕ್ಷವಾಗುತ್ತದೆ. ಮಳಿಗೆಯ ಬೆಲೆಯನ್ನು ಅಷ್ಟಕ್ಕಷ್ಟು ಏರಿಸಿಟ್ಟು, ನಿಮ್ಮ ಹಣವನ್ನೇ ಕಂತು ಕಂತಾಗಿ ನಿಮಗೆ ಮರಳಿಸುವ ವ್ಯವಸ್ಥೆ ಇದು. ನಿಮ್ಮದೇ ಹಣ ಮರಳಿ ಬಂದದ್ದಕ್ಕೆ ನೀವು ಆದಾಯ ತೆರಿಗೆಯನ್ನೂ ಕಟ್ಟುತ್ತೀರಿ, ಏರಿಸಿದ ಬೆಲೆಯ ಮೇಲೆ ಜಿ.ಎಸ್.ಟಿ. ಮತ್ತು ಮುದ್ರಾಂಕ ಶುಲ್ಕವನ್ನೂ ಕಟ್ಟಿರುತ್ತೀರಿ. ನಾಲ್ಕನೇ ವರ್ಷ ಖಾತರಿ ಮುಗಿಯುತ್ತದೆ, ಮಳಿಗೆ ತನ್ನ ನಿಜವಾದ ಬಾಡಿಗೆಗೆ ಇಳಿಯುತ್ತದೆ. ಮಾರಲು ಹೊರಟರೆ ಕೊಳ್ಳುವವರು 18,000 ಬಾಡಿಗೆಯನ್ನು ನೋಡಿ ಬೆಲೆ ಕಟ್ಟುತ್ತಾರೆಯೇ ಹೊರತು ನಿಮ್ಮ 58 ಲಕ್ಷವನ್ನು ನೋಡಿ ಅಲ್ಲ.

ಖಾತರಿ ಪತ್ರಕ್ಕೆ ಸಹಿ ಹಾಕುವವರು ಯಾರು ಎಂಬುದನ್ನೂ ನೋಡಬೇಕು. ಹಲವು ಕಡೆ ಅದು ಕ್ರಯಪತ್ರದ ಭಾಗವಾಗಿರುವುದಿಲ್ಲ. ಬೇರೊಂದು ಕಾಗದ, ಬೇರೊಂದು ಸಂಸ್ಥೆಯ ಹೆಸರು. ಕಟ್ಟಡ ಮಾರಾಟವಾದ ಮೇಲೆ ಆ ಸಂಸ್ಥೆಯಲ್ಲಿ ಹಣವೇ ಇಲ್ಲದಿದ್ದರೆ ನೀವು ನ್ಯಾಯಾಲಯದಲ್ಲಿ ಗೆದ್ದರೂ ವಸೂಲಿ ಮಾಡುವುದು ಯಾರಿಂದ? ಒಂದು ಮಾತು ಕೇಳಿ ನೋಡಿ: “20.88 ಲಕ್ಷಕ್ಕೆ ಬ್ಯಾಂಕ್ ಗ್ಯಾರಂಟಿ ಕೊಡಿ, ಇಲ್ಲವೇ ಖಾತರಿ ಬೇಡ, ಬೆಲೆಯಲ್ಲಿ ಅಷ್ಟು ಇಳಿಸಿ.” ಅವರು ಎರಡನ್ನೂ ಒಪ್ಪದಿದ್ದರೆ ಖಾತರಿಯ ತೂಕ ಎಷ್ಟೆಂದು ನಿಮಗೇ ತಿಳಿಯುತ್ತದೆ.

ಈ ವಿಷಯದಲ್ಲಿ ನಾನು ಎಲ್ಲರಿಗೂ ಹೇಳುವುದು ಒಂದೇ. ಬಾಡಿಗೆ ಕಟ್ಟಡದಿಂದ ಬರುವುದಿಲ್ಲ, ಬಾಡಿಗೆದಾರನ ಗಲ್ಲಾಪೆಟ್ಟಿಗೆಯಿಂದ ಬರುತ್ತದೆ. ಒಂದು ಅಂಗಡಿಯವನಿಗೆ ನೂರು ರೂಪಾಯಿ ವ್ಯಾಪಾರದಲ್ಲಿ 20 ರೂಪಾಯಿ ಉಳಿಯುತ್ತದೆ ಎಂದುಕೊಳ್ಳಿ. 58,000 ಬಾಡಿಗೆಯೊಂದನ್ನು ಕಟ್ಟಲಿಕ್ಕೇ ಅವನು ತಿಂಗಳಿಗೆ 2.90 ಲಕ್ಷದ ವ್ಯಾಪಾರ ಮಾಡಬೇಕು, ವಾರದ ರಜೆ ಬಿಟ್ಟರೆ ದಿನಕ್ಕೆ 11,000 ದಾಟಿ. ಆಮೇಲೆ ಆಳಿನ ಸಂಬಳ, ಕರೆಂಟು, ಅವನ ಮನೆ. ಕಲಬುರಗಿಯ ಯಾವ ವ್ಯಾಪಾರ ಮೊದಲ ಮಹಡಿಯಲ್ಲಿ ಕುಳಿತು ಅಷ್ಟು ದುಡಿಯುತ್ತದೆ? ಬಟ್ಟೆ ಅಂಗಡಿಯಾಗಲಿ ಕಿರಾಣಿಯಾಗಲಿ ಮೊಬೈಲ್ ಅಂಗಡಿಯಾಗಲಿ ನಮ್ಮ ಊರಿನಲ್ಲಿ ನೆಲಮಹಡಿಯ ವ್ಯಾಪಾರ. ಸೂಪರ್ ಮಾರ್ಕೆಟ್ ಪ್ರದೇಶದಲ್ಲಿ ಒಂದು ಸುತ್ತು ಹಾಕಿದರೆ ಸಾಕು, ಕೆಳಗೆ ಕಾಲಿಡಲು ಜಾಗವಿಲ್ಲದ ಕಡೆಯೂ ಮೆಟ್ಟಿಲು ಹತ್ತುವವರು ಕಡಿಮೆ ಎಂಬುದು ಕಾಣುತ್ತದೆ.

ಮೇಲಿನ ಮಹಡಿಗೂ ಬಾಡಿಗೆದಾರರಿದ್ದಾರೆ, ಇಲ್ಲವೆನ್ನುವುದಿಲ್ಲ. ಹುಡುಕಿಕೊಂಡು ಬರುವ ಗಿರಾಕಿ ಇರುವ ವೃತ್ತಿಗಳವು: ವೈದ್ಯರ ಕ್ಲಿನಿಕ್, ರಕ್ತ ಪರೀಕ್ಷಾ ಕೇಂದ್ರ, ಕೋಚಿಂಗ್ ತರಗತಿ, ವಕೀಲರ ಕಚೇರಿ, ಲೆಕ್ಕಪರಿಶೋಧಕರ ಕಚೇರಿ. ಸೇಡಂ ರಸ್ತೆಗೆ ಈ ವಿಷಯದಲ್ಲಿ ನಿಜವಾದ ಬಲವಿದೆ. ಸರ್ಕಾರಿ ವೈದ್ಯಕೀಯ ಕಾಲೇಜು ಜಿಮ್ಸ್ ಅಲ್ಲಿದೆ, ಇ.ಎಸ್.ಐ. ವೈದ್ಯಕೀಯ ಕಾಲೇಜು ಅಲ್ಲಿದೆ. ಯಾದಗಿರಿ, ಬೀದರ್ ಕಡೆಯಿಂದಲೂ ರೋಗಿಗಳು ಕಲಬುರಗಿಗೇ ಬರುತ್ತಾರೆ. ಉಚ್ಚ ನ್ಯಾಯಾಲಯದ ಪೀಠ 2008ರಲ್ಲಿ ಬಂದು 2013ರಲ್ಲಿ ಕಾಯಂ ಆದ ಮೇಲೆ ವಕೀಲರ ಕಚೇರಿಗಳಿಗೂ ಬೇಡಿಕೆ ಬೆಳೆದಿದೆ. ಆದರೆ ಕ್ಲಿನಿಕ್‌ಗೆ ಲಿಫ್ಟ್ ಬೇಕು, ಸ್ಟ್ರೆಚರ್ ಹೋಗುವಷ್ಟು ಅಗಲದ ಮೊಗಸಾಲೆ ಬೇಕು, ಮಳಿಗೆಯೊಳಗೇ ನೀರಿನ ಸಂಪರ್ಕ ಬೇಕು, ವಾಹನ ನಿಲ್ಲಿಸಲು ಜಾಗ ಬೇಕು. ನಕ್ಷೆಯಲ್ಲಿ ಪಾರ್ಕಿಂಗ್ ಎಂದು ತೋರಿಸಿದ ನೆಲಮಾಳಿಗೆಯನ್ನು ಗೋದಾಮು ಮಾಡಿ ಬಾಡಿಗೆಗೆ ಕೊಟ್ಟ ಕಟ್ಟಡಗಳು ಎಲ್ಲ ಊರಿನಲ್ಲೂ ಇವೆ. ಮುಂಭಾಗ ಪಶ್ಚಿಮಕ್ಕಿದ್ದು ಪೂರ್ತಿ ಗಾಜು ಹಾಕಿದ್ದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಏಪ್ರಿಲ್-ಮೇ ತಿಂಗಳಲ್ಲಿ 42 ಡಿಗ್ರಿ ಮುಟ್ಟುವ ಊರಿನಲ್ಲಿ ಮಧ್ಯಾಹ್ನದ ಮೇಲೆ ಆ ಮಳಿಗೆಯ ಹವಾನಿಯಂತ್ರಣದ ಬಿಲ್ಲು ನೋಡಿಯೇ ಬಾಡಿಗೆದಾರ ಬಿಟ್ಟು ಹೋಗುತ್ತಾನೆ. ಬೆಂಗಳೂರಿನ ವಾಸ್ತುಶಿಲ್ಪಿ ಬರೆದ ಚಂದದ ಚಿತ್ರದಲ್ಲಿ ನಮ್ಮ ಬಿಸಿಲು ಇರುವುದಿಲ್ಲ.

ಅಳತೆಯ ಮಾತೂ ಇದೆ. 400 ಚದರ ಅಡಿ ಎಂಬುದು ಮೊಗಸಾಲೆ, ಮೆಟ್ಟಿಲು, ಲಿಫ್ಟುಗಳ ಪಾಲೆಲ್ಲ ಸೇರಿಸಿದ ಸೂಪರ್ ಬಿಲ್ಟ್‌ಅಪ್ ಅಳತೆಯಾಗಿರುವ ಸಂಭವವೇ ಹೆಚ್ಚು. ಬಾಡಿಗೆದಾರ ಬಳಸುವುದು ಗೋಡೆಗಳ ಒಳಗಿನ ಕಾರ್ಪೆಟ್ ಅಳತೆಯನ್ನು. ಅದು 260 ಚದರ ಅಡಿ ಎಂದು ಹೊರಬಿದ್ದರೆ ನಿಮ್ಮ ದರ ಚದರ ಅಡಿಗೆ 14,500 ಅಲ್ಲ, 22,300. ರೇರಾ ಪ್ರಕಾರ ಕಾರ್ಪೆಟ್ ಅಳತೆಯನ್ನು ಲಿಖಿತವಾಗಿ ಕೊಡಲೇಬೇಕು, ಕೇಳಿ ಪಡೆಯಿರಿ.

ಇನ್ನೊಂದು ಹೊಸ ತೊಡಕನ್ನು ಹೇಳಿ ಸೇಡಂ ರಸ್ತೆಯನ್ನು ಬಿಡುತ್ತೇನೆ. 2024ರ ಡಿಸೆಂಬರ್ 17ರಂದು ಸರ್ವೋಚ್ಚ ನ್ಯಾಯಾಲಯ ಒಂದು ತೀರ್ಪಿನಲ್ಲಿ, ಸ್ವಾಧೀನ ಪ್ರಮಾಣಪತ್ರ (ಒ.ಸಿ.) ಇಲ್ಲದ ಕಟ್ಟಡಗಳಿಗೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದು ಎಂದಿತು. ಆ ಮೇಲೆ ರಾಜ್ಯದ ವಿದ್ಯುತ್ ಕಂಪನಿಗಳು ಹೊಸ ಸಂಪರ್ಕಕ್ಕೆ ಆ ಪತ್ರ ಕೇಳತೊಡಗಿದವು. ನಕ್ಷೆ ಮೀರಿ ಕಟ್ಟಿದ ಕಟ್ಟಡಕ್ಕೆ ಪಾಲಿಕೆ ಸ್ವಾಧೀನ ಪತ್ರ ಕೊಡುವುದಿಲ್ಲ, ಪತ್ರವಿಲ್ಲದಿದ್ದರೆ ಮಳಿಗೆಗೆ ಮೀಟರ್ ಬರುವುದಿಲ್ಲ. ಮೀಟರ್ ಇಲ್ಲದ ಮಳಿಗೆಗೆ ಎಷ್ಟು ಬಾಡಿಗೆ ಬರುತ್ತದೆ ಎಂದು ನಾನು ಹೇಳಬೇಕಿಲ್ಲ. ಮಂಜೂರಾದ ನಕ್ಷೆಯಲ್ಲಿ ಎಷ್ಟು ಮಹಡಿ ಇದೆ, ನೆಲದ ಮೇಲೆ ಎಷ್ಟು ಎದ್ದಿದೆ ಎಂದು ರಸ್ತೆಯಲ್ಲಿ ನಿಂತು ಎಣಿಸಿದರೂ ಅರ್ಧ ವಿಷಯ ಗೊತ್ತಾಗುತ್ತದೆ.

ಮಗನ ಪ್ಲಾಟಿನ ಮಾತು. ವಿಮಾನ ನಿಲ್ದಾಣ 2019ರ ನವೆಂಬರ್‌ನಲ್ಲಿ ಆರಂಭವಾದಂದಿನಿಂದ ಆ ಹೆಸರು ಹೇಳಿ ಪ್ಲಾಟು ಮಾರುವುದು ನಡೆದೇ ಇದೆ. ಮುಂದೆ ಬೆಲೆ ಏರಬಹುದು, ಏರದೆಯೂ ಇರಬಹುದು. ನಿಮಗೆ ಬೇಕಾಗಿರುವುದು ತಿಂಗಳ ಆದಾಯ, ಖಾಲಿ ಪ್ಲಾಟು ತಿಂಗಳಿಗೆ ಒಂದು ಪೈಸೆ ಕೊಡುವುದಿಲ್ಲ. ಒತ್ತುವರಿ ಆಗದಂತೆ ಕಾಯುವ ಚಿಂತೆಯೊಂದು ಸೇರಿಕೊಳ್ಳುತ್ತದೆ. ಮಗ ತನ್ನ ಗಳಿಕೆಯಲ್ಲಿ ಕೊಂಡು ಇಪ್ಪತ್ತು ವರ್ಷ ಬಿಡಲಿ, ನಾನು ಬೇಡವೆನ್ನುವುದಿಲ್ಲ. ಆಗಲೂ ಅವನಿಗೆ ಇಷ್ಟು ತಿಳಿದಿರಲಿ: “ಎನ್.ಎ. ಆಗಿದೆ” ಎಂಬ ಒಂದೇ ಮಾತು ಸಾಲದು. ಭೂಕಂದಾಯ ಕಾಯ್ದೆಯ 95ನೇ ಕಲಮಿನ ಪರಿವರ್ತನೆ ಆದೇಶದಲ್ಲಿ ಯಾವ ಉದ್ದೇಶಕ್ಕೆ ಎಂದು ಬರೆದಿರುತ್ತದೆ. ವಸತಿಗೆಂದು ಪರಿವರ್ತನೆಯಾದ ಜಾಗದಲ್ಲಿ ಮಳಿಗೆ ಕಟ್ಟುವಂತಿಲ್ಲ. ಪರಿವರ್ತನೆ ಬೇರೆ, ನಗರಾಭಿವೃದ್ಧಿ ಪ್ರಾಧಿಕಾರದಿಂದ ಬಡಾವಣೆ ನಕ್ಷೆಗೆ ಅನುಮೋದನೆ ಬೇರೆ. ಎರಡನೆಯದು ಇಲ್ಲದಿದ್ದರೆ ರಸ್ತೆ, ಚರಂಡಿಗಳಿಗೆ ಯಾರೂ ಹೊಣೆಯಲ್ಲ. ಪಂಚಾಯಿತಿ ವ್ಯಾಪ್ತಿಯಲ್ಲಿ ಆಸ್ತಿ ದಾಖಲೆಯ ತಂತ್ರಾಂಶವಾದ ಇ-ಸ್ವತ್ತಿನ ನಮೂನೆ 9 ಮತ್ತು 11ಎ ನೋಡಬೇಕು. ನಮೂನೆ 11ಬಿ ಮಾತ್ರ ಸಿಕ್ಕುವ ಪ್ಲಾಟು ಅನುಮೋದನೆಯಿಲ್ಲದ್ದು.

ಅಳಿಯ ತೋರಿಸಿದ ಅಂಗಡಿ ಮೂರರಲ್ಲಿ ನನಗೆ ಹೆಚ್ಚು ಹಿಡಿಸಿತು. ನೋಡಲು ಚಂದವಿರಲಿಕ್ಕಿಲ್ಲ. ಅಲ್ಲಿ ಒಬ್ಬ ಮನುಷ್ಯ ಕುಳಿತು ನಿಜವಾಗಿ ವ್ಯಾಪಾರ ಮಾಡುತ್ತಿದ್ದಾನೆ, ನಿಜವಾಗಿ ಬಾಡಿಗೆ ಕೊಡುತ್ತಿದ್ದಾನೆ. 36 ಲಕ್ಷಕ್ಕೆ ನೋಂದಣಿ ವೆಚ್ಚ ಸೇರಿ 38.74 ಲಕ್ಷ. ವರ್ಷದ ಬಾಡಿಗೆ 1.80 ಲಕ್ಷ, ಪಾಲಿಕೆ ತೆರಿಗೆ, ಸಣ್ಣಪುಟ್ಟ ರಿಪೇರಿ, ಆಗೊಮ್ಮೆ ಖಾಲಿ ಬೀಳುವ ತಿಂಗಳು ಕಳೆದರೆ ಒಂದೂವರೆ ಲಕ್ಷದ ಆಸುಪಾಸು ಉಳಿದೀತು, ಅಂದರೆ ಶೇ. 4ಕ್ಕೆ ಸ್ವಲ್ಪ ಕಡಿಮೆ. ಸೇಡಂ ರಸ್ತೆಯ ಮಳಿಗೆಯನ್ನು ಖಾತರಿ ಬಿಟ್ಟು ಇದೇ ರೀತಿ ಲೆಕ್ಕ ಹಾಕಿದರೆ ಉಳಿಯುವುದು ಶೇ. 2.5ರ ಆಸುಪಾಸು.

ನಿಮಗೆ ಪೂರ್ತಿ ಚಿತ್ರ ತೋರಿಸದಿದ್ದರೆ ತಪ್ಪಾಗುತ್ತದೆ, ಆದ್ದರಿಂದ ಇದನ್ನೂ ಹೇಳುತ್ತೇನೆ. ಅಂಚೆ ಕಚೇರಿ ಮತ್ತು ಬ್ಯಾಂಕುಗಳಲ್ಲಿರುವ ಹಿರಿಯ ನಾಗರಿಕರ ಉಳಿತಾಯ ಯೋಜನೆ 2023ರ ಏಪ್ರಿಲ್‌ನಿಂದ ಶೇ. 8.2 ಕೊಡುತ್ತಾ ಬಂದಿದೆ. ಒಬ್ಬರು 30 ಲಕ್ಷದವರೆಗೆ ಇಡಬಹುದು. 30 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ ಖಾತೆಗೆ ಬೀಳುತ್ತದೆ. ಬಾಡಿಗೆದಾರನ ಬಾಗಿಲಿಗೆ ಹೋಗಬೇಕಿಲ್ಲ. ಅಂಗಡಿಯ ಪರವಾಗಿರುವ ಮಾತೆಂದರೆ ಬಾಡಿಗೆ ಕಾಲಕಾಲಕ್ಕೆ ಏರುತ್ತದೆ, ಜಾಗದ ಬೆಲೆಯೂ ಏರಬಹುದು, ಬಡ್ಡಿ ಏರುವುದಿಲ್ಲ. ಹಾಗಾಗಿ ನಿಮ್ಮ ಜಾಗದಲ್ಲಿ ನಾನಿದ್ದರೆ ಗಂಜ್ ಅಂಗಡಿಯ ಕಾಗದ ಶುದ್ಧವಾಗಿದ್ದರೆ ಮಾತ್ರ ಅದನ್ನು ಕೊಂಡು, ಉಳಿದ 21 ಲಕ್ಷವನ್ನು ಆ ಯೋಜನೆಯಲ್ಲಿ ಇಡುತ್ತಿದ್ದೆ. ಅದರಿಂದ ವರ್ಷಕ್ಕೆ 1.72 ಲಕ್ಷ, ಅಂಗಡಿಯಿಂದ ಒಂದೂವರೆ ಲಕ್ಷ. ಕಾಗದದಲ್ಲಿ ಕೊಂಚ ಅನುಮಾನ ಬಂದರೂ ಅಂಗಡಿ ಬಿಟ್ಟು, ನೀವೂ ನಿಮ್ಮ ಮನೆಯವರೂ ತಲಾ 30 ಲಕ್ಷ ಅಲ್ಲಿಯೇ ಇಡಿ. ಅವರಿಗೂ 60 ತುಂಬಿರಬೇಕು, ಅಷ್ಟೇ. ಆಸ್ತಿ ಇರಲೇಬೇಕು ಎಂಬ ಹಟಕ್ಕೆ ದಾಖಲೆ ಕೆಟ್ಟ ಅಂಗಡಿಯನ್ನು ಕಟ್ಟಿಕೊಳ್ಳಬೇಡಿ.

ಕಾಗದದ ವಿಚಾರದಲ್ಲಿ ನಮ್ಮ ಭಾಗಕ್ಕೆ ಅದರದೇ ಆದ ಚರಿತ್ರೆಯಿದೆ, ಬೆಂಗಳೂರಿನ ವಕೀಲರಿಗೆ ಅದು ಸುಲಭಕ್ಕೆ ಹೊಳೆಯುವುದಿಲ್ಲ. 1948ರ ಸೆಪ್ಟೆಂಬರ್‌ವರೆಗೆ ಇದು ನಿಜಾಮರ ಹೈದರಾಬಾದ್ ಸಂಸ್ಥಾನ. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಹಳೆಯ ಕಂದಾಯ ದಾಖಲೆ, ಕ್ರಯಪತ್ರಗಳು ಉರ್ದುವಿನಲ್ಲಿವೆ. ಮಾರುವವರ ಅಜ್ಜನ ಕಾಲದ ಕಾಗದ ಉರ್ದುವಿನಲ್ಲಿದ್ದರೆ “ಅದು ಯಾರಿಗೂ ಓದಲು ಬರುವುದಿಲ್ಲ, ಬಿಡಿ” ಎನ್ನಲು ಬಿಡಬೇಡಿ. ಊರಿನಲ್ಲಿ ಓದಿ ಅನುವಾದ ಮಾಡಿಕೊಡುವವರಿದ್ದಾರೆ. ಮೂಲ ಜಮೀನು ಇನಾಂ ಆಗಿತ್ತೇ, ಮಠ ಅಥವಾ ದೇವಸ್ಥಾನದ್ದೇ, ವಕ್ಫ್ ಪಟ್ಟಿಯಲ್ಲಿ ಇದೆಯೇ ಎಂಬುದು ಆ ಕಾಗದಗಳಿಂದಲೇ ಗೊತ್ತಾಗುವುದು. ವಕ್ಫ್ ಆಸ್ತಿಯ ಮಾರಾಟ ಕಾನೂನಿನಲ್ಲಿ ಅಸಿಂಧು, ನೀವು ಎಷ್ಟೇ ಪ್ರಾಮಾಣಿಕವಾಗಿ ಹಣ ಕೊಟ್ಟು ಕೊಂಡಿದ್ದರೂ. ಗೆಜೆಟ್ ಪಟ್ಟಿಯನ್ನು ಸರ್ವೆ ನಂಬರಿನ ಜೊತೆ ತಾಳೆ ನೋಡಿಸಿ. ಇದು ಯಾವ ಸಮುದಾಯದ ಮೇಲಿನ ಅನುಮಾನವೂ ಅಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು 1978ರ ಕಾಯ್ದೆಯ ಪ್ರಕಾರ ಸರ್ಕಾರದ ಅನುಮತಿಯಿಲ್ಲದೆ ಕೊಂಡರೂ ಇದೇ ಗತಿ. 2023ರ ತಿದ್ದುಪಡಿಯ ನಂತರ ಅಂಥ ಜಮೀನನ್ನು ಮರಳಿ ಕೇಳಲು ಕಾಲಮಿತಿಯ ಅಡ್ಡಿಯೂ ಇಲ್ಲ. ಯಾರ ಹಕ್ಕು ಯಾರದೋ ಅವರಿಗೇ ಸೇರಬೇಕು, ನಾವು ನಡುವೆ ಸಿಕ್ಕಿಕೊಳ್ಳಬಾರದು.

ಆಸ್ತಿಯ ಮೇಲಿನ ಸಾಲ, ಮಾರಾಟಗಳನ್ನು ತೋರಿಸುವ ಋಣಭಾರ ಪತ್ರವನ್ನು (ಇ.ಸಿ.) 13 ವರ್ಷಕ್ಕೆ ತೆಗೆಸುವುದು ರೂಢಿಯಲ್ಲಿದೆ. ನೀವು 30 ವರ್ಷಕ್ಕೆ ತೆಗೆಸಿ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ 2004ರ ಏಪ್ರಿಲ್ ನಂತರದ್ದು ಸಿಗುತ್ತದೆ, ಅದಕ್ಕೆ ಹಿಂದಿನದನ್ನು ಉಪನೋಂದಣಾಧಿಕಾರಿ ಕಚೇರಿಯ ಕೈಬರಹದ ಪುಸ್ತಕಗಳಿಂದ ಹುಡುಕಿಸಬೇಕು. ಅದರಲ್ಲೂ ಎಲ್ಲವೂ ಬರುವುದಿಲ್ಲ. ಬಾಯಿಮಾತಿನ ಪಾಲು, ನೋಂದಣಿಯಾಗದ ಕರಾರು, ನಡೆಯುತ್ತಿರುವ ದಾವೆ ಋಣಭಾರ ಪತ್ರದಲ್ಲಿ ಕಾಣುವುದಿಲ್ಲ. ಮಾರುವವರ ಹೆಸರು ಹಾಕಿ ಇ-ಕೋರ್ಟ್ಸ್ ಜಾಲತಾಣದಲ್ಲಿ ನೋಡಿ, ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಡಿಸಿ. ವಂಶವೃಕ್ಷ ತರಿಸಿಕೊಂಡು, ಮನೆಯ ಹೆಣ್ಣುಮಕ್ಕಳು ಎಲ್ಲೆಲ್ಲಿದ್ದಾರೆ ಎಂದು ಕೇಳಿ. ಪಿತ್ರಾರ್ಜಿತವಾದರೆ 2005ರ ತಿದ್ದುಪಡಿಯ ನಂತರ ಹಿಂದೂ ಕುಟುಂಬದಲ್ಲಿ ಮಗಳಿಗೂ ಮಗನಷ್ಟೇ ಪಾಲು. ಮುಸ್ಲಿಂ ಕುಟುಂಬದಲ್ಲಿಯೂ ಹೆಣ್ಣುಮಕ್ಕಳು ವಾರಸುದಾರರೇ. ಸೊಲ್ಲಾಪುರಕ್ಕೋ ಹೈದರಾಬಾದಿಗೋ ಮದುವೆಯಾಗಿ ಹೋದ ಅಕ್ಕ ಸಹಿ ಹಾಕದ ಕ್ರಯಪತ್ರ ಹತ್ತು ವರ್ಷದ ನಂತರ ದಾವೆಯಾಗಿ ನಿಮ್ಮ ಮನೆ ಬಾಗಿಲಿಗೆ ಬರುತ್ತದೆ. ಇಂಥ ದಾವೆಗಳಲ್ಲಿ ಕಣ್ಣೀರು ಹಾಕುವ ಮುದುಕರನ್ನು ನೋಡಿ ನನಗೆ ಸಾಕಾಗಿದೆ. ಎಲ್ಲರ ಸಹಿಯೂ ಬೇಕೇ ಬೇಕು.

ಅಂಗಡಿ ಕೃಷಿ ಮಾರುಕಟ್ಟೆ ಸಮಿತಿಯ (ಎ.ಪಿ.ಎಂ.ಸಿ.) ಪ್ರಾಂಗಣದ ಒಳಗಿದೆಯೇ, ಹೊರಗಿನ ಖಾಸಗಿ ಸ್ವತ್ತೇ ಎಂಬುದನ್ನು ಮೊದಲೇ ತಿಳಿದುಕೊಳ್ಳಿ. ಪ್ರಾಂಗಣದ ಒಳಗಿನ ನಿವೇಶನಗಳು ಸಮಿತಿ ವ್ಯಾಪಾರಿಗಳಿಗೆ ಷರತ್ತಿನ ಮೇಲೆ ಹಂಚಿದವು. ಪರಭಾರೆ ಮಾಡುವಂತಿದೆಯೇ ಎಂದು ಹಂಚಿಕೆ ಪತ್ರ ನೋಡದೆ ಹೇಳಲಾಗದು. ಕಪನೂರಿನಂಥ ಕೈಗಾರಿಕಾ ಪ್ರದೇಶದ ನಿವೇಶನಗಳಿಗೂ ಇದೇ ಎಚ್ಚರಿಕೆ. ಪಾಲಿಕೆಯ ಮಳಿಗೆಯ ಬಾಡಿಗೆ ಹಕ್ಕನ್ನು “ಪಗಡಿ” ಎಂಬ ಗಂಟು ಹಣ ಕೊಟ್ಟು ತೆಗೆದುಕೊಳ್ಳುವುದಂತೂ ಬೇಡವೇ ಬೇಡ. ಅದರಿಂದ ನಿಮಗೆ ಮಾಲೀಕತ್ವ ಬರುವುದಿಲ್ಲ. ಖಾಸಗಿ ಸ್ವತ್ತಾದರೆ ಪಾಲಿಕೆಯ ಇ-ಖಾತಾ ನೋಡಿ. 2024ರ ಅಕ್ಟೋಬರ್‌ನಿಂದ ಇ-ಖಾತಾ ಇಲ್ಲದೆ ನೋಂದಣಿಯೇ ಆಗುವುದಿಲ್ಲ. ಎ ಖಾತಾವೋ ಬಿ ಖಾತಾವೋ ನೋಡಿ. ಬಿ ಖಾತಾ ಎಂದರೆ ತೆರಿಗೆ ಕಟ್ಟಲು ದಾಖಲೆಯಾಗಿದೆ, ಅನುಮೋದನೆ ಇಲ್ಲ ಎಂದೇ ಅರ್ಥ. ಮುಂದೆ ನಿಮ್ಮಿಂದ ಕೊಳ್ಳುವವರಿಗೆ ಬ್ಯಾಂಕ್ ಸಾಲ ಸಿಗುವುದು ಕಷ್ಟ.

ಹಳೆಯ ಬಾಡಿಗೆದಾರನ ಬಗ್ಗೆ ಅಂಜಿಕೆ ಇರಬಹುದು. ಕರ್ನಾಟಕ ಬಾಡಿಗೆ ಕಾಯ್ದೆ 1999ರ ರಕ್ಷಣೆ 14 ಚದರ ಮೀಟರ್‌ಗಿಂತ ದೊಡ್ಡ ವಾಣಿಜ್ಯ ಜಾಗಕ್ಕೆ ಅನ್ವಯಿಸುವುದಿಲ್ಲ. 220 ಚದರ ಅಡಿ ಎಂದರೆ 20 ಚದರ ಮೀಟರ್‌ಗಿಂತ ಹೆಚ್ಚು. ನಿಮ್ಮದು ಆಸ್ತಿ ವರ್ಗಾವಣೆ ಕಾಯ್ದೆಯ ಅಡಿಗೆ ಬರುತ್ತದೆ, ತಿಂಗಳ ಬಾಡಿಗೆಯಾದರೆ 15 ದಿನದ ನೋಟಿಸು ಸಾಕು. ಬಿಡಿಸುವುದಕ್ಕೆ ಸಿವಿಲ್ ದಾವೆಯೇ ಬೇಕಾದರೆ ವರ್ಷಗಳು ಹಿಡಿಯುತ್ತವೆ ಎಂಬುದು ಬೇರೆ ಮಾತು. ಆದ್ದರಿಂದ ಕೊಳ್ಳುವ ಮುಂಚೆ ಅವನೊಡನೆ ಕುಳಿತು ಮಾತನಾಡಿ. ಎಷ್ಟು ವರ್ಷದಿಂದ ಇದ್ದಾನೆ, ಠೇವಣಿ ಎಷ್ಟು ಕೊಟ್ಟಿದ್ದಾನೆ, ಬಾಡಿಗೆ ಬಾಕಿ ಇದೆಯೇ, ಅಂಗಡಿಯನ್ನು ತನಗೇ ಮಾರುವುದಾಗಿ ಮಾಲೀಕರು ಮಾತು ಕೊಟ್ಟಿದ್ದರೇ, ಎಲ್ಲವನ್ನೂ ಕೇಳಿ. ಅವನು ಕೊಟ್ಟ ಠೇವಣಿಯನ್ನು ಬೆಲೆಯಲ್ಲಿ ಮುರಿದುಕೊಳ್ಳಿ, ಏಕೆಂದರೆ ನಾಳೆ ಅದನ್ನು ಮರಳಿಸುವ ಹೊಣೆ ನಿಮ್ಮದು. ಕೊಂಡ ದಿನವೇ ನಿಮ್ಮನ್ನು ಮಾಲೀಕರೆಂದು ಒಪ್ಪುವ ಪತ್ರ ಬರೆಸಿಕೊಳ್ಳಿ. ಆಮೇಲೆ ಹೊಸ ಕರಾರು. 11 ತಿಂಗಳ ಕಾಗದವನ್ನು ಮತ್ತೆ ಮತ್ತೆ ಬರೆಯುವ ಬದಲು ಐದು ವರ್ಷದ ಬಾಡಿಗೆ ಕರಾರು ಮಾಡಿ ನೋಂದಣಿ ಮಾಡಿಸಿ. ಒಂದು ವರ್ಷ ಮೀರಿದ ಕರಾರಿಗೆ ನೋಂದಣಿ ಕಡ್ಡಾಯ. ವರ್ಷಕ್ಕೆ ಶೇ. 5 ಏರಿಕೆ ಬರೆಸಿ, ಅದಕ್ಕಿಂತ ಹೆಚ್ಚು ಹಿಂಡಬೇಡಿ. ಗಂಜ್ ವ್ಯಾಪಾರ ತೊಗರಿಯ ಜೊತೆ ಏರುತ್ತದೆ, ಇಳಿಯುತ್ತದೆ. ಮಳೆ ಕೈಕೊಟ್ಟ ವರ್ಷ ಎರಡು ತಿಂಗಳು ತಡೆದುಕೊಂಡ ಮಾಲೀಕನಿಗೆ ಹತ್ತು ವರ್ಷದ ಬಾಡಿಗೆದಾರ ಉಳಿಯುತ್ತಾನೆ.

ತೆರಿಗೆ ಬಗ್ಗೆ ಇಷ್ಟು ಸಾಕು: ಬಾಡಿಗೆಯಲ್ಲಿ ಕಟ್ಟಿದ ಪಾಲಿಕೆ ತೆರಿಗೆ ಕಳೆದು, ಉಳಿದದ್ದರಲ್ಲಿ ಶೇ. 30 ಬಿಟ್ಟು ಮಿಕ್ಕದ್ದು ಮಾತ್ರ ನಿಮ್ಮ ಆದಾಯ. ವರ್ಷಕ್ಕೆ 20 ಲಕ್ಷ ದಾಟದ ಕಾರಣ ನೀವು ಜಿ.ಎಸ್.ಟಿ. ನೋಂದಣಿ ಮಾಡಿಸಬೇಕಿಲ್ಲ. ಬಾಡಿಗೆದಾರ ನೋಂದಾಯಿತನಾಗಿದ್ದರೆ 2024ರ ಅಕ್ಟೋಬರ್ 10ರಿಂದ ಬಾಡಿಗೆಯ ಮೇಲಿನ ಶೇ. 18 ಜಿ.ಎಸ್.ಟಿ.ಯನ್ನು ಅವನೇ ಸರ್ಕಾರಕ್ಕೆ ಕಟ್ಟಬೇಕು. ರಾಜಿ ತೆರಿಗೆ (ಕಾಂಪೊಸಿಷನ್) ಪದ್ಧತಿಯಲ್ಲಿರುವ ಸಣ್ಣ ವ್ಯಾಪಾರಿಗೆ ಆ ಹೊರೆ ಇಲ್ಲ.

ಕ್ರಯಪತ್ರದಲ್ಲಿ ಸರ್ಕಾರದ ಮಾರ್ಗಸೂಚಿ ಬೆಲೆಯಷ್ಟೇ ತೋರಿಸಿ ಉಳಿದದ್ದನ್ನು ನಗದಾಗಿ ಕೊಡಿ ಎಂದು ಮಾರುವವರು ಕೇಳಬಹುದು. ಒಪ್ಪಬೇಡಿ. ಆಸ್ತಿ ವ್ಯವಹಾರದಲ್ಲಿ 20,000 ಅಥವಾ ಅದಕ್ಕಿಂತ ಹೆಚ್ಚು ಮುಂಗಡವನ್ನು ನಗದಾಗಿ ಪಡೆಯುವುದು ಆದಾಯ ತೆರಿಗೆ ಕಾಯ್ದೆಗೆ ವಿರುದ್ಧ. ನಷ್ಟವೂ ನಿಮಗೇ. 36 ಲಕ್ಷ ಕೊಟ್ಟು 20 ಲಕ್ಷಕ್ಕೆ ಕಾಗದ ಮಾಡಿಸಿ, ಮುಂದೆ 50 ಲಕ್ಷಕ್ಕೆ ಮಾರಿದರೆ ಲಾಭ 14 ಲಕ್ಷವಲ್ಲ, 30 ಲಕ್ಷ ಎಂದು ಲೆಕ್ಕವಾಗುತ್ತದೆ. ಅದರ ಮೇಲೆ ಶೇ. 12.5 ತೆರಿಗೆ. ನಡುವೆ ವ್ಯಾಜ್ಯ ಹುಟ್ಟಿದರೆ ಮರಳಿ ಸಿಗುವುದೂ ಕಾಗದದಲ್ಲಿ ಬರೆದಷ್ಟೇ. ಜೀವನವಿಡೀ ಮಕ್ಕಳಿಗೆ ಪಾಠ ಹೇಳಿ ಕೂಡಿಸಿದ ಹಣವನ್ನು ಪೂರ್ತಿ ಚೆಕ್ಕಿನಲ್ಲಿಯೇ ಕೊಡಿ.

ನಿಮ್ಮ ಮಗನಿಗೆ ವಾಣಿಜ್ಯ ಆಸ್ತಿಯಲ್ಲೇ ಒಲವಿದ್ದರೆ ಷೇರುಪೇಟೆಯಲ್ಲಿ ನೋಂದಾಯಿತವಾದ ರೀಟ್‌ಗಳಿವೆ, ಅಂದರೆ ಹಲವರ ಹಣದಿಂದ ಬಾಡಿಗೆ ಕಟ್ಟಡಗಳನ್ನು ಹೊಂದಿರುವ ನಿಧಿಗಳು. ಮೊದಲನೆಯದು 2019ರಲ್ಲಿ ಬಂದ ಎಂಬೆಸಿ. ದೊಡ್ಡ ಕಚೇರಿ ಕಟ್ಟಡ, ಮಾಲ್‌ಗಳ ಬಾಡಿಗೆಯಲ್ಲಿ ಹಂಚಬಹುದಾದ ಹಣದ ಶೇ. 90ನ್ನು ಹೂಡಿಕೆದಾರರಿಗೆ ಹಂಚಲೇಬೇಕು, ಒಂದು ಯೂನಿಟ್ಟನ್ನೂ ಕೊಳ್ಳಬಹುದು. ಬೆಲೆ ದಿನವೂ ಏರಿಳಿಯುತ್ತದೆ, ನಿಮ್ಮ ವಯಸ್ಸಿಗೆ ಅದು ಮುಖ್ಯ ಹೂಡಿಕೆಯಾಗಬಾರದು.

ಈ ವಾರದ ಕೆಲಸವನ್ನು ಹಂಚಿಕೊಳ್ಳಿ. ರೇರಾ ಮತ್ತು ಇ-ಕೋರ್ಟ್ಸ್ ಹುಡುಕಾಟವನ್ನು ಬೆಂಗಳೂರಿನಲ್ಲಿ ಕುಳಿತೇ ಮಗ ಮಾಡಬಲ್ಲ. ಅಳಿಯ ಮಾರುವವರಿಂದ ಮೂಲ ಕ್ರಯಪತ್ರದಿಂದ ಹಿಡಿದು ಇಂದಿನ ಇ-ಖಾತಾವರೆಗಿನ ನಕಲುಗಳನ್ನು ತರಲಿ. ನೀವು ಎರಡು ಸಾಮಾನ್ಯ ದಿನ ಗಂಜ್ ಅಂಗಡಿಯ ಎದುರು ಒಂದೊಂದು ತಾಸು ಕುಳಿತು ಗಿರಾಕಿ ಬರುವುದನ್ನು ನೋಡಿ. ಅಪ್ಪನ (ಶರಣಬಸವೇಶ್ವರರ) ಜಾತ್ರೆಯ ಸಮಯ, ದೀಪಾವಳಿಯ ವಾರ, ತೊಗರಿಯ ಆವಕ ಹೆಚ್ಚಿರುವ ಜನವರಿ ಬೇಡ, ಆ ದಿನಗಳಲ್ಲಿ ಎಲ್ಲ ಅಂಗಡಿಯೂ ತುಂಬಿರುತ್ತದೆ. ನಕಲುಗಳು ಕೈಗೆ ಬಂದ ಮೇಲೆ ಸ್ಥಳೀಯ ಸಿವಿಲ್ ವಕೀಲರಿಂದ ಲಿಖಿತ ಅಭಿಪ್ರಾಯ ಪಡೆಯಿರಿ. ಆ ವಕೀಲರನ್ನು ನೀವೇ ಆರಿಸಿ. ಮಾರುವವರಾಗಲಿ ದಲ್ಲಾಳಿಯಾಗಲಿ ಸೂಚಿಸಿದವರು ಬೇಡ.